ಇಂಗಾಲ ಇಳಿಸಲು ಹೋಗಿ ಕೈ ಬೀಸಿದ್ದು

ನಮ್ಮ ಪಟ್ಟಣ ಪಂಚಾಯಿತಿಯಿಂದ ಆಕಾಶಕ್ಕೆ ಹೋಗುವ ಇಂಗಾಲವನ್ನು ತಡೆಯುವ ಹೊಣೆ ನನ್ನ ಹೆಗಲಿಗೆ ಬಿತ್ತು. ಪಂಚಾಯಿತಿ ಯಾವುದೆಂದು ಹೇಳುವುದಿಲ್ಲ, ನನಗಿನ್ನೂ ಸರ್ವೀಸ್ ಇದೆ. ಹೊನ್ನಾಳಿ ಕಡೆಯದು ಅಂದುಕೊಳ್ಳಿ. ಹೆಂಡತಿ ಸುಮಾ ಜಗಳೂರಿನಲ್ಲಿ, ನಾನು ಇಲ್ಲಿ ಬಾಡಿಗೆ ಕೋಣೆಯಲ್ಲಿ. ವಾರಕ್ಕೊಮ್ಮೆ ಸಂಸಾರ.

"ಆಫೀಸು, ಷಟಲ್ ಆಡೋ ಹಾಲು ಎರಡರಾಗೂ ಕರೆಂಟ್ ಕಮ್ಮಿ ಮಾಡ್ರಿ. ಜಿಲ್ಲೆಯಿಂದ ಸಾಹೇಬ್ರು ನೋಡಾಕೆ ಬರ್ತಾರೆ. ಮೆಚ್ಚಿದ್ರೆ ನಿಮ್ಮ ಜಗಳೂರು ಟ್ರಾನ್ಸ್‌ಫರ್ ನಾನೇ ಮಾಡಿಸ್ತೀನಿ" ಎಂದರು ಮುಖ್ಯಾಧಿಕಾರಿ.

ಭೂಮಿಯನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಜನ ಅಲುಗಾಡಿದರೆ ಮಾತ್ರ ಉರಿಯುವ, ಇಲ್ಲದಿದ್ದರೆ ತಾನೇ ಆರುವ ಸೆನ್ಸರ್ ದೀಪಗಳನ್ನು ಎರಡೂ ಕಡೆಗೆ ತರಿಸಿದೆ. ಎಲೆಕ್ಟ್ರಿಷಿಯನ್ ಬಷೀರ್ ಏಣಿಯ ಮೇಲಿಂದ ಕೇಳಿದ, "ಎಷ್ಟೊತ್ತಿಗೆ ಆರಬೇಕು ಸಾರ್? ಹತ್ತು ನಿಮಿಷ ಇಡ್ಲಾ?"

"ಇಳಿಸು."

"ಐದು?"

"ಅರ್ಧ ನಿಮಿಷ!" ಎಂದೆ. ದಕ್ಷತೆ ತಲೆಗೇರಿತ್ತು.

ಮರುದಿನವೇ ಆಫೀಸಿಗೆ ಕತ್ತಲು ಕವಿಯಿತು. ದೀಪದ ತಪ್ಪಲ್ಲ. ಅರ್ಧ ನಿಮಿಷಕ್ಕೊಮ್ಮೆ ಅಲುಗಾಡುವವರು ನಮ್ಮ ಆಫೀಸಿನಲ್ಲಿ ಯಾರೂ ಇರಲಿಲ್ಲ! ಕಡೆಗೆ ಎಲ್ಲರೂ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದನ್ನು ಬೀಸತೊಡಗಿದೆವು. ನಲ್ಲಿಯ ದೂರು ಹೇಳಲು ಬಂದ ಅಜ್ಜಿಯೊಬ್ಬಳು, "ಹೋಗು ಅಂತೀರೇನ್ರಪ್ಪಾ? ನಾಳೆ ಬರ್ತೀನಿ ಬಿಡ್ರಿ" ಎಂದು ಬಾಗಿಲಿನಿಂದಲೇ ತಿರುಗಿದಳು.

ಆದರೆ ಕರೆಂಟ್ ಬಿಲ್ ಇಳಿಯಿತು. "ಅರ್ಧ ನಿಮಿಷದ ಟೈಮು ಯಾರೂ ಮುಟ್ಟಂಗಿಲ್ಲ!" ಎಂದು ಮುಖ್ಯಾಧಿಕಾರಿಗಳು ಅಪ್ಪಣೆ ಮಾಡಿದರು.

ಸಾಹೇಬರು ಬಂದರು. ಸಮಾರಂಭ ಷಟಲ್ ಹಾಲಿನಲ್ಲಿ. ಗಾಳಿ ನುಗ್ಗಿ ಆಟ ಕೆಡಬಾರದೆಂದು ಅಲ್ಲಿನ ಕಿಟಕಿಗಳಿಗೆಲ್ಲ ತಗಡು ಹೊಡೆದಿದೆ. ನಾಡಗೀತೆ ಶುರುವಾಯಿತು. ಹಾಲಿಗೆ ಹಾಲೇ ಎದ್ದು ಅಲುಗದೆ ನಿಂತಿತು.

ಅಲುಗದೆ! ನಾನು ಮನಸ್ಸಿನಲ್ಲೇ ಅರ್ಧ ನಿಮಿಷ ಎಣಿಸತೊಡಗಿದೆ.

ದೀಪ ಆರಿತು. ಹಾಡು ನಿಲ್ಲಲಿಲ್ಲ, ಯಾರೂ ಮಿಸುಕಲಿಲ್ಲ. ನಾಡಗೀತೆಯ ನಡುವೆ ಕೈ ಆಡಿಸುವ ಅಧಿಕಪ್ರಸಂಗಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆ ಕತ್ತಲಲ್ಲಿ ನನಗೆ ಜಗಳೂರು ದೂರ ಹೋಗುತ್ತಿರುವುದು ಮಾತ್ರ ಕಂಡಿತು. ತಡೆಯಲಾರದೆ ಎರಡೂ ಕೈ ಎತ್ತಿ ಬೀಸಿದೆ.

ದೀಪ ಹತ್ತಿತು. ಎಲ್ಲರೂ ಸೆಟೆದು ನಿಂತಿದ್ದಾರೆ. ವೇದಿಕೆಯ ಮೂಲೆಯಲ್ಲಿ ನಾನೊಬ್ಬನೇ ಕಾಗೆ ಓಡಿಸುವವನಂತೆ ಕೈಯಾಡಿಸುತ್ತಿದ್ದೇನೆ! ಹಾಡು ಮುಗಿಯುವವರೆಗೂ ಬೀಸಿದೆ. ಮರ್ಯಾದೆ ಹೇಗೂ ಹೋಗಿತ್ತು, ದೀಪವಾದರೂ ಇರಲಿ.

ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಬಿಲ್ ನೋಡಿದರು. ಮೆಚ್ಚಿದರು! ನಾನು ಆ ಸಂಜೆಯೇ ಮುಖ್ಯಾಧಿಕಾರಿಗಳ ಮುಂದೆ ನಿಂತು ಟ್ರಾನ್ಸ್‌ಫರ್ ನೆನಪಿಸಿದೆ.

"ನೀವು ಹೋದ್ರೆ ನಾಡಗೀತೆ ಟೈಮಿಗೆ ಕೈ ಬೀಸಾಕೆ ಯಾರು ಬರ್ತಾರ್ರೀ?" ಎಂದರು ಅವರು. "ಬ್ಯಾರೆಯವ್ರಿಗೆ ನಾಚ್ಕೆ ಆಕ್ಕೈತೆ. ನಿಮಗೆ ಅಭ್ಯಾಸ ಆಗೈತೆ."

ಈಗ ಹಾಲಿನಲ್ಲಿ ಏನೇ ಸಮಾರಂಭವಿರಲಿ, ಆ ಮೂಲೆ ನನ್ನದು. ಪ್ರತಿ ಸೋಮವಾರ ಬೆಳಿಗ್ಗೆ ಜಗಳೂರಿನಿಂದ ಹೊರಡುವಾಗ ಬಸ್ಸಿನ ಕಿಟಕಿಯಿಂದ ಸುಮಾಳಿಗೆ ಕೈ ಬೀಸುತ್ತೇನೆ. ಬೀಸುತ್ತಲೇ ಇರುತ್ತೇನೆ, ನಿಲ್ಲಿಸಲು ಮನಸ್ಸಾಗುವುದಿಲ್ಲ.

"ಸಾಕು, ಕೈ ಇಳಸ್ರೀ" ಎನ್ನುತ್ತಾಳೆ ಅವಳು. "ಬೆಳಕು ಹರಿದೈತೆ."