ನೀರು ಹೊರಗೆ ಬಿಡದ ಪ್ಯಾಂಟು

೨೦೨೪ರ ಆಗಸ್ಟ್ ೧೭, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನೆರೂಳಿನ ತನ್ನ ಮನೆಯ ದಿವಾನದ ಮೇಲೆ ಎರಡು ಪ್ಯಾಂಟುಗಳನ್ನು ಹಾಸಿಕೊಂಡು, ಒಂದೇ ದಿನ ಎರಡು ಒಳ್ಳೆಯ ಸಂಬಂಧ ಬಂದ ಮದುವೆಗಂಡಿನ ಹಾಗೆ ಕುಶಾಲ್ ಕುಳಿತಿದ್ದ.

ಅವು ಮೋಟಾರ್‌ಸೈಕಲ್ ಸವಾರರ ಪ್ಯಾಂಟುಗಳು. ಮಂಡಿಗೂ ಸೊಂಟದ ಎರಡು ಪಕ್ಕಕ್ಕೂ ಒಳಗಡೆ ದಪ್ಪ ಪ್ಯಾಡು. ಬಿದ್ದರೆ ಪೆಟ್ಟು ಪ್ಯಾಡಿಗೆ, ಜಾರಿದರೆ ಡಾಂಬರಿನ ಉಜ್ಜು ಬಟ್ಟೆಗೆ. ಒಂದು ಜಾಲರಿಯದು, ಗಾಳಿ ಆಡುತ್ತದೆ. ಇನ್ನೊಂದಕ್ಕೆ ಮಳೆ ತಡೆಯುವ ಒಳಪದರ, ಗಾಳಿಗೂ ಒಳಗೆ ದಾರಿಯಿಲ್ಲ. ವಾಶಿ, ಠಾಣೆಗಳ ಅಂಗಡಿಗಳನ್ನೆಲ್ಲ ಸುತ್ತಿ, ತನ್ನ ಅಗಲ ಸೊಂಟ ಮತ್ತು ಗಿಡ್ಡ ಕಾಲುಗಳಿಗೆ ಒಟ್ಟಿಗೆ ಹೊಂದುವ ಪ್ಯಾಂಟು ಎಲ್ಲೂ ಸಿಗದೆ, ಕೊನೆಗೆ ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿದ್ದ. ಒಂದನ್ನು ಇಂದೇ ಹಿಂದಿರುಗಿಸಬೇಕು. ಕೊರಿಯರ್‌ನವನು ಯಾವಾಗ ಬೇಕಾದರೂ ಬರಬಹುದು.

ನಾಳೆ ಬೆಳಗಿನ ಜಾವ ಅವನ ಬೈಕ್ ಗುಂಪು ಕಲ್ಯಾಣದ ಮಾರ್ಗವಾಗಿ ಮಾಳಶೇಜ್ ಘಾಟಿಗೆ ಹೊರಡುವುದಿತ್ತು. ಕುಶಾಲನ ಬೈಕಿಗೆ ವರ್ಷ ತುಂಬುತ್ತ ಬಂದಿದ್ದರೂ ಅದು ಬೇಲಾಪುರದ ಆಫೀಸು ಮತ್ತು ತರಕಾರಿ ಮಾರುಕಟ್ಟೆ ಬಿಟ್ಟು ಹೆಚ್ಚಿನ ಲೋಕ ಕಂಡಿರಲಿಲ್ಲ. ಹಿಂದೆ ಎರಡು ಸಲ ಜೀನ್ಸ್ ಹಾಕಿಕೊಂಡು ಹೋಗಿದ್ದಕ್ಕೆ ಗುಂಪಿನ ಕ್ಯಾಪ್ಟನ್ ದೇವದಾಸ್, ಎಲ್ಲರೂ ಬಂದು ಸೇರುವ ಶೀಲ್‌ಫಾಟಾ ವೃತ್ತದಲ್ಲೇ ಎಲ್ಲರೆದುರು ಅವನನ್ನು ವಾಪಸು ಕಳಿಸಿದ್ದ. ದೇವದಾಸ್ ಡೊಂಬಿವಿಲಿಯವನು, ಮೂಲ ಉಡುಪಿ ಕಡೆಯವನು, ನಿಯಮದಲ್ಲಿ ರೇಲ್ವೆ ಹಳಿಯಷ್ಟು ನೇರ. "ಮೂರನೇ ಸಲವೂ ಹೀಗೇ ಆದ್ರೆ ನಿನ್ನ ಹೆಸರು ತೆಗೀತೇನೆ ಮಾರಾಯ. ಶನಿವಾರ ಸಂಜೆ ಮನೆಗೇ ಬಂದು ನೋಡ್ತೇನೆ," ಎಂದಿದ್ದ.

ಹೆಂಡತಿ ಪಂಕಜಾಳದೂ ಅದೇ ಷರತ್ತು. ಕೋಪರಖೈರಣೆಯ ಬ್ಯಾಂಕಿಗೆ ಹೊರಡುತ್ತ ಬಾಗಿಲಲ್ಲಿ ನಿಂತು, "ಒಳ್ಳೆ ಪ್ಯಾಂಟು ಇದ್ರೆ ಘಾಟು. ಇಲ್ದಿದ್ರೆ ಇಲ್ಲೇ ಕೂತು ಬಟಾಣಿ ಸುಲೀರಿ," ಎಂದು ಹೆಲ್ಮೆಟ್ ಹಾಕಿಕೊಂಡಳು.

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಕುಶಾಲ್ ಯಾವುದನ್ನೂ ಪರೀಕ್ಷಿಸದೆ ಒಪ್ಪುವವನಲ್ಲ. ಮಳೆಪದರದ ಪ್ಯಾಂಟು ಹಾಕಿಕೊಂಡು, ಬೈಕಿನ ಮೇಲೆ ಕೂತು ನೋಡಲು ಕೆಳಗೆ ಹೊರಟ. ಆ ಪ್ಯಾಂಟನ್ನು ಹೊಲಿದಿರುವುದೇ ಕೂತವರಿಗಾಗಿ, ಮಂಡಿ ಮೊದಲೇ ಮಡಚಿಕೊಂಡಿರುತ್ತದೆ. ಅದನ್ನು ಹಾಕಿಕೊಂಡು ನಡೆದರೆ ಮನುಷ್ಯ ಕಾಣದ ಕುದುರೆಯ ಮೇಲೆ ಕೂತಂತೆ ಕಾಣುತ್ತಾನೆ.

"ಪಪ್ಪಾ, ಬಿಲ್ಕುಲ್ ಡಕ್ ಜೈಸಾ ಚಲ್ ರಹೇ ಹೋ," ಎಂದಳು ಮಗಳು ಹರ್ಷಿತಾ, ಮೊಬೈಲಿನಿಂದ ಅರ್ಧ ಕಣ್ಣೆತ್ತಿ. ಅಪ್ಪನ ನಡಿಗೆ ಅವಳಿಗೆ ಥೇಟ್ ಬಾತುಕೋಳಿಯದಾಗಿ ಕಂಡಿತ್ತು.

ಲಿಫ್ಟಿನಲ್ಲಿ ಎರಡನೆಯ ಮಹಡಿಯ ರಮಾಕಾಂತರು ಹತ್ತಿಕೊಂಡರು. ರೇಲ್ವೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಇಡೀ ಕಟ್ಟಡದಲ್ಲಿ ಅವರು ಇನ್‌ಸ್ಪೆಕ್ಷನ್ ಮಾಡದ ವಸ್ತುವಿರಲಿಲ್ಲ. ಕುಶಾಲನ ಕಾಲುಗಳ ನಡುವಿನ ಅಂತರವನ್ನು ಗಮನಿಸಿ, ಬಾಗಿಲು ಮುಚ್ಚುವವರೆಗೆ ಕಾದು, ದನಿ ತಗ್ಗಿಸಿ ಕೇಳಿದರು: "ಎಷ್ಟು ದಿನದಿಂದ?"

"ನಿನ್ನೆ ಬಂತು ಸಾರ್."

"ನಾಚ್ಕೋಬೇಡಿ. ನನಗೂ ಇತ್ತು. ಮೂಲಂಗಿ ರಸ ತಗೊಳ್ಳಿ. ಖಾರ ಮುಟ್ಟಬೇಡಿ."

ಅವರು ಹೇಳುತ್ತಿರುವುದು ಮೂಲವ್ಯಾಧಿಯ ಮದ್ದೆಂದು ಕುಶಾಲನಿಗೆ ಅರ್ಥವಾಗುವಷ್ಟರಲ್ಲಿ ಲಿಫ್ಟು ಕೆಳಗೆ ಮುಟ್ಟಿತ್ತು. ವಿವರಿಸಬೇಕೆಂದು ಅವರ ಹಿಂದೆ ಓಡಿದ. ಆ ಪ್ಯಾಂಟಿನಲ್ಲಿ ಓಡಿದ್ದು ಇನ್ನಷ್ಟು ಅಪಾರ್ಥಕ್ಕೆ ಎಡೆಮಾಡಿತು. ಪಾರ್ಕಿಂಗಿನಲ್ಲಿ ಸ್ಕೂಟರ್ ತೆಗೆಯುತ್ತಿದ್ದ ಪಕ್ಕದ ಮನೆಯ ಶರ್ಮಿಳಾ ಸ್ಟ್ಯಾಂಡು ಹಾಕಿ ನಿಂತುಬಿಟ್ಟರು. ಅವರು ವಿಜಯಪುರದವರು.

"ಅಯ್ಯ, ಏನಾಗ್ಯದ್ರೀ ಕುಶಾಲ್ ಅವರ? ಮೊಣಕಾಲು ಹಿಡಕೊಂಡಾವೇನು? ಎಳ್ಳೆಣ್ಣಿ ಕಾಸಿ ತರ್ಲಿ?"

"ಏನೂ ಆಗಿಲ್ಲ ಮೇಡಮ್, ಇದು ಪ್ಯಾಂಟು. ರೈಡಿಂಗ್ ಪ್ಯಾಂಟು. ನಾಳೆ ಮಾಳಶೇಜ್‌ಗೆ ಹೋಗ್ತಿದೀನಿ. ಮಳೇಲಿ ನೆನೆಯಲ್ಲ ಅಂತಾರೆ."

ಕೊನೆಯ ವಾಕ್ಯ ಹೇಳಬಾರದಿತ್ತು. ಆ ಕಟ್ಟಡದಲ್ಲಿ ಒಂದು ರೂಢಿಯಿತ್ತು. ಯಾರ ಮನೆಗೆ ಮಿಕ್ಸರ್ ಬರಲಿ, ಗೀಸರ್ ಬರಲಿ, ಅದು ಪಾರ್ಕಿಂಗಿನಲ್ಲಿ ಎಲ್ಲರೆದುರು ಒಮ್ಮೆ ಚಾಲೂ ಆಗಬೇಕು. ಮೋಸ ಹೋಗಿದ್ದರೆ ಅಲ್ಲೇ ಗೊತ್ತಾಗಲಿ ಎಂಬ ಸದುದ್ದೇಶ. ಮೂಲಂಗಿ ರಸವನ್ನು ಬದಿಗಿಟ್ಟು ರಮಾಕಾಂತರು ಇನ್‌ಸ್ಪೆಕ್ಟರಾದರು.

"ಅಂತಾರೆ ಅಂದ್ರೆ ಏನು? ಟೆಸ್ಟ್ ಆಗಲಿ. ಯಂಕಣ್ಣ, ಪೈಪ್ ತಗೊಂಬಾ."

ಎಂಟು ದಿನದಿಂದ ಬಿಡದೆ ಸುರಿದಿದ್ದ ಮಳೆ ಆ ಬೆಳಿಗ್ಗೆಯೇ ರಜೆ ಹಾಕಿತ್ತು. ಕಾರು ತೊಳೆಯುತ್ತಿದ್ದ ವಾಚ್‌ಮನ್ ಯಂಕಣ್ಣ ಪೈಪು ಹಿಡಿದು ಬಂದ. ಕಲಬುರಗಿ ಕಡೆಯವನು, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ತುಸು ಹೆಚ್ಚೇ ಮಾಡುವವನು.

"ಎಷ್ಟ್ ಜೋರ್ ಬಿಡ್ಲಿರಿ ಸಾಬ್ರ?"

"ಘಾಟಿನ ಮಳೆ," ಎಂದರು ರಮಾಕಾಂತರು.

ಮೊದಲು ಎಲ್ಲವೂ ಚೆನ್ನಾಗಿತ್ತು. ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿತು. ನೆರೆದವರು ತಲೆದೂಗಿದರು. ಕುಶಾಲನಿಗೆ ಎದೆಯುಬ್ಬಿತು. ಮಂಡಿಯ ಹೊಲಿಗೆಯಿಂದ ನೀರು ಇಳಿಯುತ್ತಿದೆಯೋ ಎಂದು ನೋಡಲು ಮುಂದಕ್ಕೆ ಬಗ್ಗಿದ. ಬಗ್ಗಿದಾಗ ಬೆನ್ನ ಹಿಂದೆ ಸೊಂಟಪಟ್ಟಿ ಬಾಯಿ ತೆರೆಯಿತು. ಯಂಕಣ್ಣ ಆಗ ಹಿಂಬದಿಯ ಪರೀಕ್ಷೆಯಲ್ಲಿದ್ದ.

ಮಳೆಪದರಕ್ಕೆ ಒಳಗು ಹೊರಗು ಎಂಬ ಭೇದವಿಲ್ಲ. ಹೊರಗಿನ ನೀರನ್ನು ಒಳಗೆ ಬಿಡದಷ್ಟೇ ನಿಷ್ಠೆಯಿಂದ ಅದು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಕಾಲಿನ ತುದಿಯ ಪಟ್ಟಿಗಳನ್ನು ಕುಶಾಲನೇ ಬಿಗಿಯಾಗಿ ಅಂಟಿಸಿಕೊಂಡಿದ್ದ. ಎರಡು ಕಾಲುಗಳೂ ನಿಧಾನವಾಗಿ ಬಾವಿಕಟ್ಟೆಯ ಕೊಡಗಳಂತೆ ತುಂಬಿಕೊಂಡವು. ಅವನು "ಸಾಕು, ಸಾಕು" ಎನ್ನುತ್ತ ಎರಡು ಹೆಜ್ಜೆ ಇಟ್ಟ. ಒಳಗಿನಿಂದ ಗುಳುಗುಳು ಸದ್ದು ಕೇಳಿಸಿತು.

ರಮಾಕಾಂತರು ಬಗ್ಗಿ, ಊದಿಕೊಂಡ ಪ್ಯಾಂಟಿನ ತುದಿಯ ಸುತ್ತ ಬೆರಳಾಡಿಸಿ ನೋಡಿದರು. "ಒಂದು ಹನಿ ಸೋರ್ತಾ ಇಲ್ಲ. ಪಾಸ್," ಎಂದರು.

ಪಟ್ಟಿ ಬಿಚ್ಚಿದಾಗ ಪಾರ್ಕಿಂಗಿನಲ್ಲಿ ಹೊಳೆ ಹರಿಯಿತು. ಪ್ಯಾಂಟು ಮಾತ್ರ ಒಳಗೆಲ್ಲ ನೆಂದು ತೊಪ್ಪೆಯಾಗಿತ್ತು. ಒದ್ದೆಯಾದದ್ದನ್ನು ಕೊರಿಯರ್‌ನವನು ಮುಟ್ಟುವುದಿಲ್ಲ. ಅಂದರೆ ಆಯ್ಕೆ ಮುಗಿದಂತೆಯೇ. ಹರ್ಷಿತಾಳಿಗೆ ಜಾಲರಿ ಪ್ಯಾಂಟು ಕೊಟ್ಟು, "ಅವನು ಬಂದ್ರೆ ಇದನ್ನ ಕೊಟ್ಬಿಡು," ಎಂದ. "ಪಕ್ಕಾ?" ಎಂದಳು. "ಪಕ್ಕಾ," ಎಂದ.

ಈಗ ಒಣಗಿಸುವ ಪ್ರಶ್ನೆ. ನೆರೂಳಿನ ಆಗಸ್ಟಿನಲ್ಲಿ ಕರ್ಚೀಫು ಒಣಗುವುದೇ ಒಂದು ಸಾಧನೆ. ಇದಕ್ಕಿದ್ದದ್ದು ಮೂರು ಪದರ. ಫ್ಯಾನಿನ ಕೆಳಗೆ ಹರವಿದರು. ಶರ್ಮಿಳಾ ತಮ್ಮ ಹೇರ್ ಡ್ರೈಯರ್ ತಂದು ಒಂದು ಕಾಲಿನೊಳಗೆ ತೂರಿಸಿದರು. ಆ ಕಾಲು ಉಬ್ಬಿ ಎದ್ದು ನಿಂತು ಟೀಪಾಯಿಯ ಮೇಲಿನ ಚಹಾದ ಕಪ್ಪನ್ನು ಒದೆಯಿತು. ಆಮೇಲೆ ಡ್ರೈಯರ್ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

"ಇರ್ಲಿ ಬಿಡ್ರಿ, ಹಳೇದಿತ್ತು," ಎಂದರು ಶರ್ಮಿಳಾ, ಬೆಲೆ ಕಾಣುವಂತೆ ಅದರ ಬಾಕ್ಸನ್ನು ಕುಶಾಲನ ಕೈಗಿಟ್ಟು.

ತಪ್ಪು ತನ್ನದೆಂದು ಕೊರಗುತ್ತಿದ್ದ ಯಂಕಣ್ಣ ಆಗ ಬಾಗಿಲಲ್ಲಿ ಕಾಣಿಸಿದ. "ಸಾಬ್ರ, ತುರ್ಭೆದಾಗ ನಮ್ ಭಾಮೈದ ಅಂಬರೀಶ ಲಾಂಡ್ರಿದಾಗ ಇದ್ದಾನ. ಹೋಟೆಲ್ ಚಾದರಾ ಒಣಗ್ಸೂ ಮಶೀನ್ ಅದಾರಿ. ಅದ್ರಾಗ ಹಾಕಿದ್ರ ಗಡಾನ ಆಗ್ತದ. ನಡ್ರಿ."

ರಿಕ್ಷಾದಲ್ಲಿ ಕುಶಾಲ್ ಪ್ಯಾಂಟನ್ನು ನೀರಿನಿಂದ ಎತ್ತಿದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಪ್ರತಿ ಗುಂಡಿಗೂ ಅದು ಅವನ ಒಣ ಲುಂಗಿಗೆ ಸ್ವಲ್ಪ ನೀರು ಹಂಚುತ್ತಿತ್ತು. ಲಾಂಡ್ರಿಯ ಯಂತ್ರ ಒಂದು ಸಣ್ಣ ಕೋಣೆಯಷ್ಟಿತ್ತು. ಕುಶಾಲ್ ಆತುರಪಡಲಿಲ್ಲ. ಬಿಸಿಗೆ ಪ್ಯಾಡಿನ ಫೋಮ್ ಗಟ್ಟಿಯಾಗುತ್ತದೆ, ಆಗ ಪೆಟ್ಟು ಹೀರುವ ಗುಣ ಹೋಗುತ್ತದೆ ಎಂದು ಅಂಬರೀಶನಿಗೆ ಸಾವಧಾನವಾಗಿ ವಿವರಿಸಿ, ಮಂಡಿಯದನ್ನೂ ಸೊಂಟದದನ್ನೂ ಹುಷಾರಾಗಿ ಹೊರತೆಗೆದು ಚೀಲಕ್ಕೆ ಹಾಕಿಕೊಂಡ. ಬಟ್ಟೆಯ ಬಗ್ಗೆ ಮಾತ್ರ ಯಾರೂ ಯಾರಿಗೂ ಏನೂ ವಿವರಿಸಲಿಲ್ಲ.

"ಹೀಟ್ ಎಷ್ಟ್ ಇಡ್ಲಿರಿ ಸರ್?" ಕೇಳಿದ ಅಂಬರೀಶ.

ಸಂಜೆ ದೇವದಾಸ್ ಬರುತ್ತಾನೆಂಬುದು ಕುಶಾಲನ ಕಣ್ಣಮುಂದಿತ್ತು. "ಪೂರ್ತಿ ಇಡಪ್ಪ," ಎಂದ.

ಪ್ಯಾಂಟು ಆಗಷ್ಟೇ ಕಾವಲಿಯಿಂದ ತೆಗೆದ ಹೋಳಿಗೆಯ ಹಾಗೆ ಬೆಚ್ಚಗೆ, ಮಡಿಕೆಯಾಗಿ ಹೊರಗೆ ಬಂತು. ಎಲ್ಲೂ ಪಸೆಯಿಲ್ಲ. ಕುಶಾಲನಿಗೆ ಅಂಬರೀಶನನ್ನು ಅಪ್ಪಿಕೊಳ್ಳಬೇಕೆನಿಸಿತು. ಮನೆಗೆ ಬಂದಾಗ ಕೊರಿಯರ್‌ನವನು ಬಂದು ಹೋಗಿದ್ದ. ಪಂಕಜಾ ಬ್ಯಾಂಕಿನಿಂದ ಬಂದು ಚಹಾಕ್ಕಿಟ್ಟಿದ್ದಳು. ಅವನು ಪ್ಯಾಡುಗಳನ್ನು ಮತ್ತೆ ಸೇರಿಸುವಷ್ಟರಲ್ಲಿ ಬೆಲ್ ಆಯಿತು. ದೇವದಾಸ್ ಬಂದಿದ್ದ, ಅವನ ಹಿಂದೆ ಫಲಿತಾಂಶ ತಿಳಿಯಲು ರಮಾಕಾಂತರು, ಶರ್ಮಿಳಾ, ಯಂಕಣ್ಣ.

ಕುಶಾಲ್ ಒಳಗೆ ಹೋದ. ಪ್ಯಾಂಟು ಮಂಡಿಯವರೆಗೆ ಬಂತು. ತೊಡೆಯಲ್ಲಿ ನಿಂತಿತು.

ಇಂಥ ನೂಲನ್ನು ಕಾರ್ಖಾನೆಯಲ್ಲಿ ಹಿಗ್ಗಿಸಿ ಎಳೆದಿರುತ್ತಾರೆ. ಸಾಕಷ್ಟು ಬಿಸಿ ತಗುಲಿದರೆ ಅದು ಮತ್ತೆ ಕುಗ್ಗುತ್ತದೆ. ಇದು ಕುಶಾಲನಿಗೆ ಗೊತ್ತಿದ್ದ ಸಂಗತಿಯೇ. ಬಿ.ಎಸ್ಸಿ.ಯ ಕೊನೆಯ ವರ್ಷ ಅದರ ಮೇಲೆ ಪ್ರಶ್ನೆಯನ್ನೂ ಬರೆದಿದ್ದ. ತುರ್ಭೆಯಲ್ಲಿ ನೆನಪಾಗಬೇಕಾದದ್ದು ಬೆಡ್‌ರೂಮಿನಲ್ಲಿ ನೆನಪಾಯಿತು. ಉಸಿರು ಬಿಗಿಹಿಡಿದು, ಮಂಚದ ಮೇಲೆ ಮಲಗಿ, ಕಾಲೆತ್ತಿ ಎಳೆದುಕೊಂಡ. ಪ್ಯಾಂಟು ಒಂದಂಗುಲವೂ ಕದಲಲಿಲ್ಲ. ಕೊನೆಗೆ ಲುಂಗಿ ಸುತ್ತಿಕೊಂಡು, ಪ್ಯಾಂಟನ್ನು ಕೈಯಲ್ಲಿ ಹಿಡಿದು ಹೊರಗೆ ಬಂದ.

"ಒಳ್ಳೆ ಪ್ಯಾಂಟೇ," ಎಂದ ದೇವದಾಸ್, ಮಂಡಿಯ ಪ್ಯಾಡು ಒತ್ತಿ ನೋಡಿ. "ಆದ್ರೆ ಕೈಯಲ್ಲಿ ಹಿಡ್ಕೊಂಡ್ರೆ ಆಗುದಿಲ್ಲ ಮಾರಾಯ, ಕಾಲಿಗೆ ಹಾಕ್ಬೇಕು. ನನಗೂ ಬೇಜಾರುಂಟು. ನಾಳೆ ಇಷ್ಟು ಜನ ಅಂತ ಮಾಳಶೇಜಿನಲ್ಲಿ ಊಟಕ್ಕೆ ಹೇಳಿ ಆಗಿದೆ. ಒಂದು ಜಾಗ ಖಾಲಿ."

ಯಂಕಣ್ಣ ನೆಲ ನೋಡಿದ. ಪಂಕಜಾ ಚಹಾದ ತಟ್ಟೆ ಇಟ್ಟು, ಗಂಡನ ಕೈಯಿಂದ ಪ್ಯಾಂಟು ತೆಗೆದುಕೊಂಡು, ಎತ್ತಿ ಹಿಡಿದು ನೋಡಿ ಒಳಗೆ ಹೋದಳು. ರಿಪೇರಿಗೇನಾದರೂ ದಾರಿ ಹೊಳೆದಿರಬೇಕೆಂದು ಕುಶಾಲನಿಗೆ ಆಸೆ ಚಿಗುರಿತು.

ಅವಳು ಅದನ್ನು ಹಾಕಿಕೊಂಡು ಹೊರಗೆ ಬಂದಳು. ಬಾತುಕೋಳಿಯ ಹಾಗಲ್ಲ, ಎಂದಿನ ಹಾಗೆಯೇ ನಡೆದು ಬಂದಳು.

ದೇವದಾಸ್ ಚಹಾ ಕೆಳಗಿಟ್ಟ. "ಗೇರ್ ಬೈಕಿನ ಲೈಸನ್ಸ್ ಉಂಟಾ?"

"ಇವರದಕ್ಕಿಂತ ಆರು ವರ್ಷ ಹಳೇದು. ಮೈಸೂರಲ್ಲಿ ಅಪ್ಪನ ಬೈಕೇ ಓಡಿಸ್ತಿದ್ದೆ."

"ನೀನು ಈ ರೈಡೇ ಬೇಡ ಅಂತಿದ್ಯಲ್ಲ," ಎಂದ ಕುಶಾಲ್, ತೆಳ್ಳಗಿನ ದನಿಯಲ್ಲಿ.

"ನಾನ್ಯಾವಾಗ ರೈಡ್ ಬೇಡ ಅಂದೆ? ಪ್ಯಾಂಟಿಲ್ದೆ ಬೇಡ ಅಂದೆ," ಎಂದಳು. ಆಮೇಲೆ ಅವನ ಮುಖ ನೋಡಿ ಮೆತ್ತಗಾದಳು. "ನಿಮಗೆ ಬೇಜಾರಾದ್ರೆ ಬಿಡಿ, ಹೋಗಲ್ಲ."

"ನಾನು ಹಿಂದೆ ಕೂತ್ಕೋಬಹುದಾ?" ಎಂದು ಕುಶಾಲ್ ದೇವದಾಸನನ್ನು ಕೇಳಿದ.

"ಹಿಂದೆ ಕೂತವನೂ ಬೀಳ್ತಾನೆ," ಎಂದ ದೇವದಾಸ್.

ಶರ್ಮಿಳಾ ಆಗಲೇ ಪಂಕಜಾಳ ಬೆನ್ನು ತಟ್ಟುತ್ತಿದ್ದರು. ರಮಾಕಾಂತರು ಒಂದು ಸುತ್ತು ಹಾಕಿ ನೋಡಿ, "ವಾಟರ್ ಟೆಸ್ಟ್ ಆಗಿದೆ," ಎಂದು ದೇವದಾಸನಿಗೆ ಭರವಸೆ ಕೊಟ್ಟರು. ಹರ್ಷಿತಾ, "ಮಮ್ಮಾ, ಕ್ಯಾ ಲಗ್ ರಹೀ ಹೋ," ಎಂದು ಫೋಟೋ ತೆಗೆದಳು.

ಕುಶಾಲನಿಗೆ ಒಂದೇ ಆಸರೆ ಉಳಿದಿತ್ತು. ಪ್ಯಾಂಟು ಸಡಿಲವಿದ್ದರೆ ಪ್ಯಾಡು ಮಂಡಿಯಿಂದ ಸರಿದುಬಿಡುತ್ತದೆ, ಅಂಥದ್ದು ಇದ್ದರೂ ಇಲ್ಲದಂತೆಯೇ ಎಂದು ತಿಂಗಳುಗಟ್ಟಲೆ ಓದಿದ್ದ. ಸುರಕ್ಷತೆಯ ವಿಷಯದಲ್ಲಿ ಕಣ್ಣಳತೆ ನಂಬಬಾರದು ಎಂದು ಎಲ್ಲರಿಗೂ ಹೇಳಿ, ಹೊಲಿಗೆ ಡಬ್ಬಿಯಿಂದ ಟೇಪು ತಂದ. ಮೊದಲು ಪಂಕಜಾಳ ಸೊಂಟ ಅಳೆದ. ಅವಳು ಬಿಚ್ಚಿ ಕೊಟ್ಟ ಮೇಲೆ ಪ್ಯಾಂಟನ್ನು ಮೇಜಿನ ಮೇಲೆ ನೇರಮಾಡಿ ಅಳೆದ. ಟೇಪಿನ ತುದಿ ಸರಿಯಾಗಿ ಹಿಡಿದಿಲ್ಲವೇನೋ ಎಂದು ಇನ್ನೊಮ್ಮೆ ಅಳೆದ. ಎಲ್ಲರೂ ಕಾಯುತ್ತಿದ್ದರು. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ಪಂಕಜಾಳ ಸೊಂಟ ಮೂವತ್ತೊಂದು ಇಂಚು. ಪ್ಯಾಂಟಿನದೂ ಮೂವತ್ತೊಂದು ಇಂಚು.