ಬಿಸಿಲಿದ್ದರೆ ಒರಗುವ ರೇಡಾರ್‌ನ ಮುಖ್ಯಸ್ಥರಿಗೆ

ಮಾನ್ಯರೇ,

ನೂರು ಮೈಲಿಯಾಚೆಯ ಮೋಡವನ್ನು ಕಾಣುವ, ಆದರೆ ಸ್ವಂತ ಮೇಜಿನ ಮೇಲೆ ಮಕ್ಕಳಿಟ್ಟ ಅರ್ಜಿಯನ್ನು ಕಾಣದ ತಮ್ಮ ದಿವ್ಯದೃಷ್ಟಿಗೆ ಮೊದಲು ನನ್ನ ನಮಸ್ಕಾರಗಳು.

ನನ್ನ ಮಗಳೂ ಅವಳ ಮೂವರು ಸಹಪಾಠಿಗಳೂ ಕಾಲೇಜಿನ ರಾಕೆಟ್ಟಿನಲ್ಲಿ ಕಳಿಸಲೆಂದು ವರ್ಷವಿಡೀ ಕೂತು ಒಂದು ಪೇಲೋಡ್ ಕಟ್ಟಿದರು. ಹಾಲಿನ ಡಬ್ಬಿಯಷ್ಟಿರುವ ಆ ಪೆಟ್ಟಿಗೆಯ ಕೆಲಸ ಒಂದೇ: ಮೇಲಕ್ಕೆ ಹೋಗಿ, ತಮ್ಮ ಹವಾಮಾನ ರೇಡಾರ್ ಬಿಡುವ ಅಲೆಗಳನ್ನು ಕೇಳಿಸಿಕೊಂಡು ಬರುವುದು. ಬೆಸುಗೆಯ ಸಾಮಾನು ಊಟದ ಮೇಜನ್ನು ಆಕ್ರಮಿಸಿ, ನನ್ನ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟು ಉಣ್ಣುವುದನ್ನು ರೂಢಿ ಮಾಡಿಕೊಂಡಳು.

ಮೋಡವಿದ್ದರೆ ರಾಕೆಟ್ ಹಾರಿಸಲು ಅನುಮತಿಯಿಲ್ಲವಾದ್ದರಿಂದ, ರೇಡಾರ್ ತಿರುಗುತ್ತಿರಲಿ ಎಂದು ತಮಗೆ ಅರ್ಜಿಯಲ್ಲಿ ಕೋರಿದ ದಿನವೇ, ಆಕಾಶ ತೊಳೆದಿಟ್ಟಂತಿದ್ದ ಬೆಳಿಗ್ಗೆ ಹಾರಿಸಿದರು. ಏರಿತು, ಇಳಿಯಿತು, ಪೆಟ್ಟಿಗೆಯಲ್ಲಿ ತಮ್ಮ ರೇಡಾರಿನ ಸದ್ದೇ ಇಲ್ಲ. ಕಂಗಾಲಾದ ಮಕ್ಕಳು ತಮ್ಮಲ್ಲಿಗೆ ಓಡಿಬಂದಾಗ ತಾವು ಪರಮ ವಾತ್ಸಲ್ಯದಿಂದ, "ಬಿಸಿಲಲ್ಲಿ ಯಾಕಮ್ಮಾ ತಿರುಗಿಸೋದು? ಮೋಡಾನೇ ಇಲ್ಲ, ಸುಮ್ನೆ ಮಿಷಿನ್ನು ಸವೆಯುತ್ತೆ" ಎಂದಿರಿ. ಮುಗಿಲು ಕಂಡರೆ ತಿರುಗುವ, ಬಿಸಿಲು ಕಂಡರೆ ಒರಗುವ ಇಂಥ ಮಿತವ್ಯಯಿ ಯಂತ್ರವೂ ಅದಕ್ಕೆ ತಕ್ಕ ಯಜಮಾನರೂ ಇನ್ನೆಲ್ಲಿ ಸಿಕ್ಕಾರು!

ಅದನ್ನೇ ಒಂದು ಸಾಲು ಬರೆದುಕೊಡಿ ಎಂದರೆ ಮಾತ್ರ, "ನಮ್ಮ ರೇಡಾರ್ ಹಗಲಿರುಳೂ ನಿಲ್ಲದೆ ದುಡಿಯುತ್ತದೆ" ಎಂದು ಮೊಹರೊತ್ತಿ ಕೊಟ್ಟಿರಿ. ಪರೀಕ್ಷಕರು ಮೊಹರನ್ನು ನಂಬಿ, ಪೆಟ್ಟಿಗೆ ಕಿವುಡೆಂದು ತೀರ್ಮಾನಿಸಿ ನಾಲ್ವರನ್ನೂ ಫೇಲು ಮಾಡಿದರು. "ಅಪ್ಪಾ, ಅದು ಕೆಟ್ಟಿಲ್ಲಪ್ಪ. ಇಲ್ಲದ್ದನ್ನ ಇಲ್ಲ ಅಂದಿದೆ, ಅಷ್ಟೇ" ಎಂದಳು ಮಗಳು. ಈ ಇಡೀ ವ್ಯವಹಾರದಲ್ಲಿ ನಿಜ ಹೇಳಿದ್ದು ಅದೊಂದೇ, ಶಿಕ್ಷೆಯಾಗದೆ ಇದ್ದೀತೇ?

ಆದಕಾರಣ ನನ್ನ ಕೋರಿಕೆ: ಕಳೆದುಹೋದ ಆ ಬೆಳಿಗ್ಗೆಯನ್ನು ದಯವಿಟ್ಟು ಹಿಂದಕ್ಕೆ ಕರೆಸಿ, ಒಂದೇ ಒಂದು ಸುತ್ತು ರೇಡಾರ್ ತಿರುಗಿಸಿ. ಅದಾಗದಿದ್ದರೆ, ತಮ್ಮನ್ನು ಎಬ್ಬಿಸುವಷ್ಟು ದೊಡ್ಡದಾದ, ರಾಕೆಟ್ಟಿಗೆ ಕಾಣದಷ್ಟು ಚಿಕ್ಕದಾದ ಮೋಡವೊಂದನ್ನು ಮಂಜೂರು ಮಾಡಿ. ಅದೂ ಭಾರವೆನಿಸಿದರೆ, ಬಾಯಲ್ಲಿ ಆಡಿದ್ದನ್ನೇ ಕೈಯಲ್ಲಿ ಬರೆಯಿರಿ.

ಬಿಸಿಲಲ್ಲೂ ಮಳೆಯಲ್ಲೂ ತಮ್ಮ ವಿಶ್ವಾಸಿ,
ಫೇಲಾದ ನಾಲ್ವರಲ್ಲಿ ಒಬ್ಬಳ ಅಪ್ಪ

ಮರೆತ ಮಾತು: ಕಿವುಡು ಪೆಟ್ಟಿಗೆ ಈಗ ನಮ್ಮ ತಾರಸಿಯ ಮೇಲಿದೆ. ಮೋಡ ಬಂದಾಗ, ತಮ್ಮ ರೇಡಾರ್ ಒಂದು ಸುತ್ತು ಬಂದಂತೆಲ್ಲ ಕೀಕ್ ಎನ್ನುತ್ತದೆ. ಮರುಪರೀಕ್ಷೆ ನಾಳೆ, ಒಬ್ಬ ಪರೀಕ್ಷಕರು ನಮ್ಮ ತಾರಸಿಯಲ್ಲಿ, ಇನ್ನೊಬ್ಬರು ಫೋನು ಹಿಡಿದು ತಮ್ಮ ಯಂತ್ರದ ಕೋಣೆಯಲ್ಲಿ. ನಾಳೆ ಇಡೀ ದಿನ ಬಿಸಿಲೆಂದು ತಮ್ಮ ಕಚೇರಿಯೇ ಸಾರಿದೆ. ತಿರುಗಿಸಿದರೆ ಪೆಟ್ಟಿಗೆ ಪಾಸು, ನಿಲ್ಲಿಸಿದರೆ ಮೊಹರು ವಾಪಸು. ಆಯ್ಕೆ ತಮ್ಮದು.