ಒಂದೇ ಒಂದು ಸೀಗಡಿ

ಕೃಷ್ಣಸ್ವಾಮಿಯವರಿಗೆ ಒಂದು ಸೀಗಡಿ ಬೇಕಾಗಿತ್ತು. ಎರಡಲ್ಲ, ಒಂದು. ಅದೂ ತಿನ್ನುವುದಕ್ಕಲ್ಲ. ಹೊಸ ತಿಪ್ಪಸಂದ್ರದ ಅವರ ಮನೆಯಲ್ಲಿ ಬೆಳ್ಳುಳ್ಳಿಗೇ ಪ್ರವೇಶವಿರಲಿಲ್ಲ, ಇನ್ನು ಸೀಗಡಿಯ ಮಾತೆಲ್ಲಿ?

ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು, ಸಮುದ್ರದ ಮೀನು, ಜೀವಂತ ಹವಳ ಸಾಕಿದ್ದರು. ಕಳೆದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿ ಬರುವಷ್ಟರಲ್ಲಿ ಪಂಪು ಕೈಕೊಟ್ಟು, ತೊಟ್ಟಿಯಲ್ಲಿದ್ದುದೆಲ್ಲ ಸತ್ತು, ಮನೆ ಒಂದು ವಾರ ನಾರಿತು. "ಇನ್ನೊಂದ್ ಸಲ ಈ ನಾತ ಬಂದ್ರೆ ತೊಟ್ಟಿ ಆಚೆಗೆ. ಅಡ್ಡ ಬಂದ್ರೆ ನೀವೂ" ಎಂದು ಹೆಂಡತಿ ಜಲಜಾ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಆದರೂ ಆಸೆ ಬಿಡದೆ ಅವರು ತೊಟ್ಟಿ ತೊಳೆದು, ಹೊಸದಾಗಿ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿದ್ದರು. ಆಗ ಶಿವಾಜಿನಗರದ ಅಕ್ವೇರಿಯಂ ಅಂಗಡಿಯ ಗಯಾಜ್ ಫೋನಿನಲ್ಲಿ ಹೊಸ ಬಾಂಬ್ ಹಾಕಿದ.

"ಬರೀ ನೀರಲ್ಲಿ ಮೀನು ಬದುಕಲ್ಲ ಸಾರ್. ಗಲೀಜು ತಿನ್ನೋ ಬ್ಯಾಕ್ಟೀರಿಯಾ ಮೊದ್ಲು ಬೆಳೀಬೇಕು. ಅದಕ್ಕೆ ಊಟ ಬೇಕಲ್ಲ? ಒಂದು ಹಸಿ ಸೀಗಡಿ ಹಾಕಿ, ಕೊಳೀಲಿ. ಒಂದೇ! ಜಾಸ್ತಿಯಾದ್ರೆ ನೀರೆಲ್ಲ ಕೆಟ್ಟು ಮತ್ತೆ ಮೊದ್ಲಿಂದ."

"ಹಸಿ ಸೀಗಡೀನೇ ಬೇಕಾ? ಅವಲಕ್ಕಿ ಗಿವಲಕ್ಕಿ ಆಗಲ್ವಾ?"

"ಬ್ಯಾಕ್ಟೀರಿಯಾಗೆ ಶ್ರಾವಣ ಇಲ್ಲ ಸಾರ್."

ಮಾರನೆಯ ದಿನ, ಬುಧವಾರ, ಕೃಷ್ಣಸ್ವಾಮಿ ಬ್ಯಾಂಕಿಗೆಂದು ಸುಳ್ಳು ಹೇಳಿ, ಖಾಲಿ ಕನ್ನಡಕದ ಡಬ್ಬಿ ಜೇಬಿಗಿಟ್ಟು, ಶಿವಾಜಿನಗರದ ಬಸ್ ಹತ್ತಿದರು. ಮಾರ್ಕೆಟ್ಟಿನಲ್ಲಿ ಮೀನಂಗಡಿಯ ಮುತ್ತುರಾಜ್ ಕೈಯಲ್ಲಿ ಕತ್ತಿ ಹಿಡಿದೇ ವಿಚಾರಿಸಿದ.

"ಎಷ್ಟು ಸಾರ್?"

"ಒಂದು."

"ಒಂದು ಕೆಜಿ, ತಗೊಳ್ಳಿ."

"ಕೆಜಿ ಅಲ್ಲಪ್ಪಾ. ಒಂದೇ ಒಂದು ಸೀಗಡಿ."

ಮುತ್ತುರಾಜ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಣೆಯ ಗಂಧದ ಬೊಟ್ಟಿನ ಹತ್ತಿರ ಅವನ ಕಣ್ಣು ನಿಂತಿತು. "ಬೆಕ್ಕಿಗಾ ಸಾರ್?"

"ಅಲ್ಲ, ಕೊಳೆಸೋದಕ್ಕೆ."

ಅದನ್ನು ಹೇಳಬಾರದಿತ್ತು. "ಏನಂದ್ರಿ? ಬೆಳಿಗ್ಗೆ ಬಂದ ಮಾಲು ಸಾರ್ ಇದು! ಕೊಳೆತಿದ್ದು ಬೇಕಾದ್ರೆ ಬೇರೆ ಕಡೆ ನೋಡ್ಕೊಳ್ಳಿ!" ಅವನು ದನಿಯೇರಿಸಿದ್ದೇ ತಡ, ಅಕ್ಕಪಕ್ಕದ ಅಂಗಡಿಯವರೆಲ್ಲ ನ್ಯಾಯ ಹೇಳಲು ಸೇರಿದರು. ಒಬ್ಬ ಸೀಗಡಿ ಸಾರು ಮಾಡುವ ಬಗೆಯನ್ನೂ ವಿವರಿಸತೊಡಗಿದ. ಕೊನೆಗೆ ಕೃಷ್ಣಸ್ವಾಮಿಯವರ ಮುಖ ನೋಡಲಾರದೆ ಮುತ್ತುರಾಜನೇ ಒಂದನ್ನು ಬಾಲ ಹಿಡಿದೆತ್ತಿ ಕೊಟ್ಟ. "ದುಡ್ಡು ಬೇಡ, ಹೋಗಿ ಸಾರ್. ವ್ಯಾಪಾರದ ಟೈಮು."

ಅದನ್ನು ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ ತಿರುಗುತ್ತಾರೆ, ಎದುರಿಗೆ ಕೆಳಮನೆಯ ದತ್ತು! ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದರೂ ಮೊದಲು ತಿಳಿಯುವುದು ಅವನಿಗೆ.

"ಏನ್ಸಾರ್ ಈ ಕಡೆ?"

"ಬ... ಬ್ಯಾಂಕು. ನೀನು?"

ದತ್ತು ಯಾಕೋ ಕೈಚೀಲವನ್ನು ಬೆನ್ನ ಹಿಂದೆ ಸರಿಸಿದ. "ನಾನೂ ಬ್ಯಾಂಕೇ ಸಾರ್."

ವಾಪಸು ಬರುವಾಗ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಹಲಸೂರು ದಾಟುವಷ್ಟರಲ್ಲಿ ದತ್ತು ಮೂಗು ಹಿಂಡಿಕೊಂಡ. "ಏನೋ ನಾತ ಅಲ್ವಾ ಸಾರ್? ಜನ ಏನೇನೋ ಬಸ್ಸಲ್ಲಿ ತರ್ತಾರೆ."

"ನಾಚಿಕೆಗೆಟ್ಟ ಜನ" ಎಂದು ಕೃಷ್ಣಸ್ವಾಮಿ ಜೇಬಿನ ಮೇಲೆ ಅಂಗೈ ಒತ್ತಿಕೊಂಡರು. ಇಬ್ಬರೂ ಸೇರಿ, ಮುಂದಿನ ಸೀಟಿನಲ್ಲಿ ನುಗ್ಗೇಕಾಯಿ ಹಿಡಿದು ಕೂತಿದ್ದ ಪಾಪದ ಮನುಷ್ಯನನ್ನು ದುರುಗುಟ್ಟಿ ನೋಡಿದರು.

ಮನೆಯಲ್ಲಿ ಜಲಜಾ ಅಡುಗೆಮನೆಯಲ್ಲಿದ್ದರು. ಕೃಷ್ಣಸ್ವಾಮಿ ಉಸಿರು ಬಿಗಿಹಿಡಿದು ಸೀಗಡಿಯನ್ನು ದೊಡ್ಡ ಕಲ್ಲಿನ ಹಿಂದೆ ಜಾರಿಸಿ, ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡರು. ಊಟಕ್ಕೆ ಕೂತಾಗ ನೋಡಿದರೆ ಜಲಜಾರ ಕೂದಲೂ ಒದ್ದೆ. ಬುಧವಾರ ಮಧ್ಯಾಹ್ನ ಇದೇನು ತಲೆಸ್ನಾನ ಎಂದು ಕೇಳಬೇಕೆನಿಸಿತು. ಕೇಳಿದರೆ ಅದೇ ಪ್ರಶ್ನೆ ತನಗೂ ಬರುತ್ತದೆಂದು ಸುಮ್ಮನೆ ಸಾರನ್ನ ಕಲಸಿದರು. ಆಮೇಲೆ ಹೆದರಿಕೆಗೆ ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ.

ಐದು ಗಂಟೆಗೆ ನೀರು ಗಂಜಿಯಂತಾಯಿತು. ಆರಕ್ಕೆ ಅದೇ ಹಳೆಯ ನಾತ ಸೆಖೆಯಲ್ಲಿ ಮನೆಯೆಲ್ಲ ಹರಡಿತು. ಒಂದು ಸೀಗಡಿಗೆ ಇಷ್ಟು ಪ್ರತಾಪವೇ? ತೊಟ್ಟಿ ಕೈಬಿಟ್ಟು ಹೋಯಿತು, ಇನ್ನು ಧಾರಾವಾಹಿ ನೋಡಿಕೊಂಡು ಕಾಲ ಕಳೆಯುವುದೇ ಗತಿ.

ಜಲಜಾ ಬಂದು ತೊಟ್ಟಿಯ ಮುಂದೆ ನಿಂತರು.

"ತಪ್ಪಾಯ್ತು ಕಣೇ" ಎಂದರು ಕೃಷ್ಣಸ್ವಾಮಿ. "ನಾನು ಬ್ಯಾಂಕಿಗೆ ಹೋಗಿರ್ಲಿಲ್ಲ, ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಇದರಲ್ಲಿ ಒಂದು ಸೀಗಡಿ ಹಾಕಿದೀನಿ."

"ಒಂದಾ?" ಜಲಜಾ ತಿರುಗಿ ನೋಡಿದರು. "ಹಾಗಾದ್ರೆ ಮಿಕ್ಕಿದ್ದೆಲ್ಲ ನಂದು."

"ಅಂದ್ರೆ?"

"ಹಸಿ ಸೀಗಡೀನೇ ಬೇಕಾ ಅಂತ ನೀವು ಫೋನಲ್ಲಿ ಕೇಳ್ತಿದ್ದಿದ್ದು ನನಗೆ ಕೇಳಿಸ್ತು. ನಿಮ್ಮ ಕೈಲಿ ಎಲ್ಲಾಗುತ್ತೆ? ಯಾರಿಗೂ ಹೇಳ್ಬೇಡ ಅಂತ ದತ್ತೂಗೆ ಆಣೆ ಹಾಕಿಸಿ ತರಿಸ್ದೆ. ನೀವು ಬಚ್ಚಲಲ್ಲಿದ್ದಾಗ ಕಣ್ಣು ಮುಚ್ಕೊಂಡು ಕಲ್ಲಿನ ಹಿಂದೆ ಸುರಿದ್ಬಿಟ್ಟೆ. ಅರ್ಧ ಕೆಜಿ."

"ಅರ್ಧ ಕೆಜಿ! ನೀನೇ ಅಲ್ವೇನೇ, ತೊಟ್ಟಿ ಆಚೆಗೆ ಅಂದಿದ್ದು?"

"ಅಂದಿದ್ದೆ. ತಿಂಗಳಿಂದ ಖಾಲಿ ತೊಟ್ಟಿ ಮುಂದೆ ಕೂತು ಕಾಫಿ ಆರಿಸ್ತಾ ಇದ್ರಲ್ಲ, ನೋಡಕ್ಕಾಗ್ಲಿಲ್ಲ ರೀ."

ಕೃಷ್ಣಸ್ವಾಮಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾತವೂ ಕಾರಣವಿರಬಹುದು, ಆದರೆ ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಯ ಮೇಲೆ ಅವರಿಗೆ ಇಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಜಲಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಗ್ಗಿ, ಆ ಬಿಳಿ ನೀರಿನೊಳಗೆ ಆಸೆಯಿಂದ ಇಣುಕಿದರು. "ಇಷ್ಟೊಂದು ಹಾಕಿದೀವಲ್ಲ, ಇನ್ನೇನು ನಾಳೇನೇ ಮೀನು ತರ್ಬಹುದಾ?"

"ತರ್ಬಹುದು ಕಣೇ" ಎಂದು ಹೇಳಿ, ಕೃಷ್ಣಸ್ವಾಮಿ ಬಕೆಟ್ ತರಲು ಬಚ್ಚಲಿಗೆ ಹೋದರು.